ಅಮ್ಮ ಓಡಿಸಿದ ದೆವ್ವ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿ. ಅಪ್ಪ ತೀರಿಕೊಂಡಿದ್ದರು. ಅಮ್ಮ ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸಕ್ಕೆ ಸೇರಿದಳು, ನಾನು ಮೋಟರ್ ವೈಂಡಿಂಗ್ ಅಂಗಡಿಗೆ ಸೇರಿದೆ. ಸುಟ್ಟುಹೋದ ನೀರಿನ ಮೋಟರನ್ನು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುವ ಕೆಲಸ. ಇವತ್ತಿಗೂ ಅದನ್ನೇ ಮಾಡುತ್ತೇನೆ, ಜೆ.ಪಿ. ನಗರದಲ್ಲಿ, ನನ್ನದೇ ಬೋರ್ಡಿನ ಕೆಳಗೆ. ಓದು ಬಿಟ್ಟವನು ಪಾಪ ಎಂದು ಯಾರಾದರೂ ಮರುಕ ತೋರಿಸಿದರೆ ನನಗೆ ಮೈ ಉರಿಯುತ್ತದೆ. ಈ ಕಡೆಯ ಎಷ್ಟೋ ದೊಡ್ಡ ದೊಡ್ಡ ಮನೆಗಳಲ್ಲಿ ಸಂಪಿನ ನೀರು ಮೇಲಿನ ಟ್ಯಾಂಕಿಗೆ ಏರುವುದು ನನ್ನ ಕೈಯಿಂದ.

ಶಾಲೆ ಬಿಟ್ಟರೂ ಓದುವುದನ್ನು ಬಿಡಲಿಲ್ಲ. ಅದಕ್ಕೆ ಅಮ್ಮನೇ ಕಾರಣ. ಅವಳಿಗೆ ಸಹಿ ಹಾಕುವಷ್ಟು ಮಾತ್ರ ಅಕ್ಷರ ಬರುತ್ತದೆ. ನಮ್ಮದು ಕ್ರೈಸ್ತರ ಮನೆ. ಸಂಜೆ ದೀಪ ಹಾಕಿದ ಮೇಲೆ ಒಂದು ಹಾಡು, ಆಮೇಲೆ ನಾನು ಸತ್ಯವೇದದಿಂದ ಒಂದು ಅಧ್ಯಾಯ ಓದುವುದು, ಆಮೇಲೆ ಅಮ್ಮನ ಪ್ರಾರ್ಥನೆ. ನಿನ್ನೆ ಎಲ್ಲಿ ನಿಲ್ಲಿಸಿದ್ದೆವೋ ಇವತ್ತು ಅಲ್ಲಿಂದ ಶುರು. ಹಾರಿಸುವ ಹಾಗಿಲ್ಲ. ಇಂಥವನು ಇಂಥವನನ್ನು ಪಡೆದನು ಎಂದು ಹೆಸರುಗಳೇ ಸಾಲಾಗಿ ಬರುವ ಕಡೆ ನಾನು ಹುಡುಗನಾಗಿದ್ದಾಗ ನಾಲ್ಕು ಹೆಸರು ನುಂಗಿ ನೋಡಿದ್ದೇನೆ. ಓದು ಬಾರದ ಅಮ್ಮನಿಗೆ ಅದು ಹೇಗೆ ಗೊತ್ತಾಗುತ್ತಿತ್ತೋ, ಹಿಂದಕ್ಕೆ ಹೋಗು ಅನ್ನುತ್ತಿದ್ದಳು. ಇಡೀ ಪುಸ್ತಕ ಮುಗಿದರೆ ಮತ್ತೆ ಮೊದಲಿನಿಂದ. ಹೀಗೆ ಎಷ್ಟು ಸುತ್ತು ಬಂದಿದ್ದೇವೋ ಲೆಕ್ಕ ಇಟ್ಟಿಲ್ಲ.

ಇಷ್ಟೆಲ್ಲ ಸುತ್ತು ಬಂದಾಗ, ಕ್ಷಮೆಯೇ ಇಲ್ಲದ ಪಾಪ ಒಂದಿದೆ ಎಂಬ ಮಾತನ್ನೂ ನಮ್ಮ ಮನೆಯಲ್ಲಿ ಎಷ್ಟೋ ಸಲ ಓದಿಯಾಗಿತ್ತು. ನಮಗೆ ಸಂಬಂಧಪಟ್ಟಿದ್ದಲ್ಲ ಎಂದು ಪುಟ ತಿರುಗಿಸಿದ್ದೆವು.

ನನ್ನ ಹೆಂಡತಿಯ ಬಗ್ಗೆ ಹೇಳಬೇಕು. ಬಿಳೇಕಹಳ್ಳಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಅಳತೆ ಕೊಟ್ಟು ಹೋದ ಹೆಂಗಸರು ಮತ್ತೆ ಬರುವಾಗ ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡೇ ಬರುತ್ತಾರೆ, ಅಂಥ ಕೈ. ಅಮ್ಮನಿಗೂ ಅವಳಿಗೂ ಜಗಳವಿಲ್ಲ ಎಂದರೆ ಸುಳ್ಳಾಗುತ್ತದೆ. ಉಪ್ಪಿನ ವಿಷಯಕ್ಕೆ ದಿನಾ ಇದೆ. ಆದರೆ ಅವಳಿಗೆ ಜ್ವರ ಬಂದರೆ ಅಮ್ಮ ನನ್ನನ್ನು ಕೋಣೆಯೊಳಗೂ ಬಿಡುವುದಿಲ್ಲ. ಆಯಾ ಕೆಲಸ ಮಾಡಿದ ಕೈ, ಪೂರ್ತಿ ಅಧಿಕಾರ ತೆಗೆದುಕೊಳ್ಳುತ್ತದೆ.

ಮಗಳು ಮದುವೆಯಾಗಿ ಮೈಸೂರಿಗೆ ಹೋದ ಮೇಲೆ ಹೆಂಡತಿಗೆ ಶುಕ್ರವಾರಗಳು ಖಾಲಿಯಾದವು. ಬ್ಲೌಸ್ ಹೊಲಿಸಲು ಬರುವ ಒಬ್ಬಾಕೆ ಅವಳನ್ನು ಮಡಿವಾಳದ ಹತ್ತಿರ ಟೈರ್ ಅಂಗಡಿಯ ಮೇಲಿರುವ ಒಂದು ಉಪವಾಸ ಪ್ರಾರ್ಥನೆಗೆ ಕರೆದುಕೊಂಡು ಹೋದಳು. ಅಲ್ಲಿ ಚಪ್ಪಾಳೆ, ಕಣ್ಣೀರು, ಗಟ್ಟಿಯಾದ ಪ್ರಾರ್ಥನೆ. ಕೆಲವರು ಅನ್ಯಭಾಷೆಯಲ್ಲಿ ಮಾತಾಡುತ್ತಾರೆ. ಅಂದರೆ ದೇವರ ಆತ್ಮವಾದ ಪವಿತ್ರಾತ್ಮ ತುಂಬಿದಾಗ ಬಾಯಿಂದ ತಾನಾಗಿ ಹೊರಡುವ, ಈ ಲೋಕದ ಯಾವ ಊರಿನದೂ ಅಲ್ಲದ ಮಾತು. ಅದು ದೇವರೊಂದಿಗಿನ ಮಾತೆಂದು ಅವರ ನಂಬಿಕೆ. ನಾವು ಭಾನುವಾರ ಹೋಗುವ ಸಭೆ ಬೇರೆ ತರಹ. ಅಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ಕೆಮ್ಮಿದರೆ ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. ಅನ್ಯಭಾಷೆಯ ವಿಷಯ ಸತ್ಯವೇದದಲ್ಲಿ ಓದಿ ಗೊತ್ತಿತ್ತೇ ಹೊರತು ಕಿವಿಯಿಂದ ಕೇಳಿದವರು ನಮ್ಮಲ್ಲಿ ಕಡಿಮೆ. ಅಮ್ಮ ಕೇಳಿರಲೇ ಇಲ್ಲ.

ಒಂದು ಶನಿವಾರ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಮೆಷಿನ್ ಸದ್ದು ನಿಂತಿತು. ಆಮೇಲೆ ಒಂದು ಸ್ವರ ಶುರುವಾಯಿತು, ಅರ್ಥವಾಗದ ಮಾತಿನ ಹೊಳೆ. ಅಮ್ಮ ಪರದೆ ಸರಿಸಿ ನೋಡಿದರೆ ಸೊಸೆ ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ಹೊಲಿಯುತ್ತಿದ್ದ ಬಟ್ಟೆ ಮಡಿಲಲ್ಲೇ ಬಿಟ್ಟು, ಅಲುಗಾಡುತ್ತ ಏನೇನೋ ಹೇಳುತ್ತಿದ್ದಾಳೆ.

ಬೇರೆ ಯಾರಾದರೂ ಆಗಿದ್ದರೆ ಹೆದರಿ ನನಗೆ ಫೋನ್ ಮಾಡುತ್ತಿದ್ದರು. ಅಮ್ಮ ಹೆದರಲಿಲ್ಲ. ಅವಳ ತಾತ ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ ಉಪದೇಶಿಯಾಗಿದ್ದವರು. ಪಾಸ್ಟರ್ ಬರಲಾಗದ ಊರುಗಳಲ್ಲಿ ಪ್ರಾರ್ಥನೆ ನಡೆಸುವವರನ್ನು ಆಗ ಹಾಗೆ ಕರೆಯುತ್ತಿದ್ದರು. ದೆವ್ವ ಮೆಟ್ಟಿದೆ ಎಂದು ಸುತ್ತಲಿನ ಊರಿನವರು ಹೆಂಗಸರನ್ನು ಅವರ ಬಳಿ ಕರೆತರುತ್ತಿದ್ದರಂತೆ. ತಾತ ಸತ್ಯವೇದವನ್ನು ಅವರ ತಲೆಯ ಮೇಲಿಟ್ಟು, ಗದರಿಸಿ, ಉಪ್ಪು ಹಾಕಿದ ನೀರು ಕುಡಿಸುತ್ತಿದ್ದರಂತೆ. ಅಮ್ಮ ಚಿಕ್ಕವಳಾಗಿ ಪಕ್ಕದಲ್ಲಿ ನೀರಿನ ಚೊಂಬು ಹಿಡಿದುಕೊಂಡು ನಿಂತಿರುತ್ತಿದ್ದಳು. ಇಷ್ಟು ವರ್ಷ ಬೇಕಾಗದೆ ಇದ್ದ ಆ ವಿದ್ಯೆ ಆ ಶನಿವಾರ ಬೇಕಾಯಿತು. ದಪ್ಪ ಅಕ್ಷರದ ನಮ್ಮ ಸತ್ಯವೇದವನ್ನು ತಂದು ಸೊಸೆಯ ನೆತ್ತಿಯ ಮೇಲಿಟ್ಟಳು.

"ಯೇಸುಸ್ವಾಮಿ ಹೆಸರಲ್ಲಿ ಹೇಳ್ತಿದೀನಿ, ನನ್ನ ಮಗೀನ ಬಿಟ್ಟು ಹೋಗು."

ಪುಸ್ತಕದ ಭಾರಕ್ಕೆ ಹೆಂಡತಿ ಬೆಚ್ಚಿ ಬಾಯಿ ಮುಚ್ಚಿದಳು. ಕಣ್ಣು ಬಿಟ್ಟಳು. ಹೋಯ್ತು ಎಂದು ಹೇಳಿ ಅಮ್ಮ ಉಪ್ಪುನೀರು ಕುಡಿಸಿ ಸಾರಿಗೆ ಒಗ್ಗರಣೆ ಹಾಕಲು ಹೋದಳು.

ನಾನು ಸಂಜೆ ಬಂದಾಗ ಒಬ್ಬೊಬ್ಬರೂ ಅವರವರ ಕಥೆ ಹೇಳಿದರು. ಹೆಂಡತಿ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತ, ನಕ್ಕು ನಕ್ಕು ಹೇಳಿದಳು. ನಾನೂ ನಕ್ಕೆ. ಅಮ್ಮನಿಗೆ ಬಿಡಿಸಿ ಹೇಳು ಎಂದೆ. ಪಾಪ, ಅಷ್ಟು ಖುಷಿಯಲ್ಲಿದ್ದಾರೆ, ಇರಲಿ ಬಿಡಿ ಎಂದಳು. ಖುಷಿಯಲ್ಲಿದ್ದದ್ದು ನಿಜ. ತಾತನ ಕೈಗುಣ ನನಗೂ ಬಂದಿದೆ ಎಂದು ಅಮ್ಮ ಒಂದು ವಾರ ತಲೆ ಎತ್ತಿಕೊಂಡು ಓಡಾಡಿದಳು, ಮೈಸೂರಿಗೂ ಫೋನ್ ಮಾಡಿ ಮೊಮ್ಮಗಳಿಗೆ ಹೇಳಿದಳು. ಅವಳ ಮನಸ್ಸು ನೋಯಬಾರದೆಂದು ಹೆಂಡತಿ ಮನೆಯೊಳಗೆ ಆ ರೀತಿ ಪ್ರಾರ್ಥಿಸುವುದನ್ನೇ ಬಿಟ್ಟಳು. ಮೇಲೆ ನೀರಿನ ಟ್ಯಾಂಕಿನ ಮರೆಗೆ ಹೋಗುತ್ತಿದ್ದಳು.

ಆಮೇಲೆ ನಮ್ಮ ಓದು ಆ ಅಧ್ಯಾಯಕ್ಕೆ ಬಂತು.

ಯೇಸುಸ್ವಾಮಿ ದೆವ್ವ ಹಿಡಿದವನೊಬ್ಬನನ್ನು ಗುಣಪಡಿಸುತ್ತಾರೆ. ಕುರುಡ, ಮೂಕ, ಅವನಿಗೆ ಕಣ್ಣೂ ಬರುತ್ತದೆ, ಮಾತೂ ಬರುತ್ತದೆ. ಎದುರಿಗೆ ನಿಂತು ನೋಡಿದ ಪಂಡಿತರು, ಇದು ದೆವ್ವಗಳ ಒಡೆಯನ ಬಲದಿಂದ ಆದದ್ದು ಎನ್ನುತ್ತಾರೆ. ಆಗ ಸ್ವಾಮಿ ಹೇಳುತ್ತಾರೆ: ಮನುಷ್ಯರ ಎಲ್ಲ ಪಾಪಕ್ಕೂ ಕ್ಷಮೆ ಇದೆ, ನನ್ನ ವಿರುದ್ಧ ಆಡಿದ ಮಾತಿಗೂ ಇದೆ, ಆದರೆ ಪವಿತ್ರಾತ್ಮನನ್ನು ದೂಷಿಸಿದವನಿಗೆ ಇಲ್ಲ, ಈ ಲೋಕದಲ್ಲೂ ಇಲ್ಲ, ಬರುವ ಲೋಕದಲ್ಲೂ ಇಲ್ಲ. ನಾನು ಎಂದಿನಂತೆ ಓದಿ ಮುಗಿಸಿ ಪುಸ್ತಕ ಮುಚ್ಚಿದೆ. ಅಮ್ಮ ಪ್ರಾರ್ಥನೆ ಶುರು ಮಾಡಬೇಕು. ಮಾಡಲಿಲ್ಲ. ಸೊಸೆಯ ಕಡೆ ತಿರುಗಿದಳು.

"ಅವತ್ತು ನಿನ್ನ ಬಾಯಲ್ಲಿ ಮಾತಾಡಿದ್ದು ಯಾರು?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಬೇಡ ಎಂದೆ. ಅವಳು ಸೆರಗಿನ ತುದಿ ಸುತ್ತುತ್ತ ಹೇಳಿದಳು, "ಪವಿತ್ರಾತ್ಮ, ಅತ್ತೆ."

ತಾನು ದೆವ್ವ ಎಂದು ಗದರಿಸಿದ್ದು ಪವಿತ್ರಾತ್ಮನನ್ನೇ ಎಂದು ಅಮ್ಮನಿಗೆ ಆಗ ಹೊಳೆಯಿತು. ಆಮೇಲೆ ನಾನು ಹೆಂಡತಿಯನ್ನು ಅಡುಗೆಮನೆಗೆ ಕರೆದು ಬೈದೆ. ಏನೋ ಕನವರಿಸುತ್ತಿದ್ದೆ ಅಂದಿದ್ದರೆ ಮುಗಿಯುತ್ತಿತ್ತಲ್ಲ ಎಂದೆ. ಅವಳು ತಟ್ಟೆ ತೊಳೆಯುತ್ತಲೇ ಉತ್ತರ ಕೊಟ್ಟಳು. "ನಾನು ಅಲ್ಲ ಅಂದ್ರೆ, ನಾನೂ ಅದೇ ಪಾಪ ಮಾಡಿದ ಹಾಗಾಗಲ್ವೇನ್ರೀ?"

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ಯೇಸುಸ್ವಾಮಿಯೇ ಕರೆದು ಬಡಿಸುವ ಊಟವೆಂದು ನಂಬಿ ತೆಗೆದುಕೊಳ್ಳುವ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಒಂದೊಂದೇ ಸಾಲು ಎದ್ದು ಮುಂದೆ ಹೋಗಿ, ಕಟಕಟೆಯ ಮುಂದೆ ಮಂಡಿಯೂರಿ ತೆಗೆದುಕೊಂಡು ಬರಬೇಕು. ಆ ದಿನ ಹೆಂಗಸರು ಬಿಳಿ ಸೀರೆ ಉಡುವುದು ಪದ್ಧತಿ. ಆ ಭಾನುವಾರ ಅಮ್ಮ ಹಸಿರು ಸೀರೆ ಉಟ್ಟು ಕೋಣೆಯಿಂದ ಹೊರಗೆ ಬಂದಳು. ಸಾಲು ಏಳುವ ಹೊತ್ತಿಗೆ ಅವಳು ಕಾಲು ಸರಿಸಿ ನಮಗೆ ದಾರಿ ಬಿಟ್ಟಳು. ತಾನು ಏಳಲಿಲ್ಲ. ನಾನೂ ಹೆಂಡತಿಯೂ ಹೋಗಿ ಬಂದೆವು. ನನ್ನ ಬಾಯಲ್ಲಿ ರೊಟ್ಟಿ ಕರಗಲೇ ಇಲ್ಲ.

ಒಬ್ಬರೇ ಕೂತರೆ ಇಡೀ ಸಭೆಗೆ ಕಾಣುತ್ತದೆ. ಯಾರ ಮೇಲೋ ದ್ವೇಷ ಇಟ್ಟುಕೊಂಡವರು, ಏನೋ ತಪ್ಪು ಮಾಡಿದವರು ಕೂರುತ್ತಾರೆ ಎಂದು ಜನರ ಲೆಕ್ಕ. ಬಾಗಿಲಲ್ಲಿ ಒಬ್ಬರು ಅಮ್ಮನಿಗೆ ಮಂಡಿ ನೋವಾ ಎಂದು ಕೇಳಿದರು. ನನಗೆ ಮಾನದ ಪ್ರಶ್ನೆ. ಹೌದು, ಜಾಸ್ತಿಯಾಗಿದೆ ಎಂದುಬಿಟ್ಟೆ. ಆಟೋದಲ್ಲಿ ಅಮ್ಮ ಹೇಳಿದಳು, "ಸುಳ್ಳು ಹೇಳಬೇಡ ಕಣೋ. ಅದಕ್ಕೆ ಕ್ಷಮೆ ಇದೆ, ಆದರೂ ಬೇಡ."

ನಕ್ಕೆ. ಆದರೆ ಮನೆಗೆ ಬಂದು ನೋಡಿದರೆ ಅವಳು ನಿಜವಾಗಿಯೂ ಕುಗ್ಗಿಹೋಗಿದ್ದಳು. ಸಂಜೆ ಹಾಡಿಗೆ ಕೂರುತ್ತಿದ್ದಳು, ಓದು ಕೇಳುತ್ತಿದ್ದಳು, ಪ್ರಾರ್ಥನೆ ಮಾತ್ರ ನೀನೇ ಮಾಡು ಎನ್ನುತ್ತಿದ್ದಳು. ತಾನು ಬೇಡಿಕೊಂಡರೆ ನಮ್ಮ ಮೇಲೂ ಏನಾದರೂ ಬಂದೀತು ಎಂದು ಭಯ. ಊಟ ಕಡಿಮೆಯಾಯಿತು. ಉಪ್ಪಿನ ಜಗಳವೂ ನಿಂತಿತು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಸೊಸೆ ಬೇಕೆಂದೇ ಸಾರಿಗೆ ಉಪ್ಪು ಸುರಿದರೂ ತೆಪ್ಪಗೆ ಉಂಡು ಎದ್ದಳು. ಎಪ್ಪತ್ತೈದು ವರ್ಷ ದೇವರ ಜೊತೆ ಮನೆಯವರ ಹಾಗೆ ಮಾತಾಡಿಕೊಂಡು ಬಂದವಳು. ಇನ್ನು ತನಗೆ ಆ ಮನೆಯೇ ಇಲ್ಲ ಎಂದುಕೊಂಡು ಸಾಯಬಾರದಲ್ಲ.

ಹಾಳಾದದ್ದನ್ನು ಸರಿಮಾಡುವುದು ನನ್ನ ಕಸುಬು. ಸುಮ್ಮನೆ ಕೂರಲು ನನಗಾಗುವುದಿಲ್ಲ. ಸಭೆಯ ಸಂಪಿನ ಮೋಟರ್ ನಿಂತುಹೋಗಿದೆ ಎಂದು ಪಾಸ್ಟರ್ ಕರೆದಾಗ ನಾನೇ ಹೋದೆ. ಚಿಕ್ಕ ವಯಸ್ಸಿನವರು. ನಾನು ಮೋಟರ್ ಬಿಚ್ಚುತ್ತಿದ್ದರೆ ಪಕ್ಕದಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತರು. ಎಲ್ಲ ಹೇಳಿದೆ. ಸತ್ಯವೇದ ತಲೆಯ ಮೇಲಿಟ್ಟ ಕಡೆ ಅವರಿಗೆ ನಗು ತಡೆಯಲಾಗಲಿಲ್ಲ, ಕ್ಷಮಿಸಿ ಎಂದು ಹೇಳಿ ಪೂರ್ತಿ ನಕ್ಕರು. ಆಮೇಲೆ ಬಹಳ ಹೊತ್ತು ಮಾತಾಡಿದರು. ಆ ಪಂಡಿತರಿಗೆ ಗೊತ್ತಿತ್ತಂತೆ. ಕಣ್ಣೆದುರಿಗೆ ಕುರುಡನಿಗೆ ಕಣ್ಣು ಬಂದದ್ದನ್ನು ಕಂಡರು, ದೇವರ ಕೆಲಸವೆಂದು ಒಳಗೆ ತಿಳಿದರು, ಆದರೂ ಜನ ಆ ಕಡೆ ಹೋಗಬಾರದೆಂದು ದೆವ್ವದ್ದು ಎಂದರು. ಗೊತ್ತಿಲ್ಲದೆ ಬಾಯಿಂದ ಬಿದ್ದ ಮಾತಿನ ವಿಷಯವೇ ಅಲ್ಲ ಅದು. ಕೊಟ್ಟ ಕೈಯನ್ನು ನೋಡಿ ನೋಡಿ ತಳ್ಳುತ್ತಲೇ ಇರುವುದು, ಕೊನೆಗೆ ಕ್ಷಮೆ ಬೇಕು ಅನ್ನುವ ಆಸೆಯೂ ಸತ್ತುಹೋಗುವುದು. ದೇವರು ಕೊಡುವುದಿಲ್ಲ ಅಂತಲ್ಲ, ತೆಗೆದುಕೊಳ್ಳುವವರು ಇರುವುದಿಲ್ಲ.

"ಅಣ್ಣ, ಆ ಪಾಪ ಮಾಡಿದವರು ಅದಕ್ಕಾಗಿ ಅಳಲ್ಲ. ಅಮ್ಮ ಅಳ್ತಿದಾರೆ ಅಂದ್ರೆ ಮಾಡಿಲ್ಲ ಅಂತಲೇ ಅರ್ಥ. ದೊಡ್ಡ ದೊಡ್ಡವರು ಇದರ ಬಗ್ಗೆ ಬೇರೆ ಬೇರೆ ಹೇಳಿದಾರೆ. ನಾನು ನಂಬಿರೋದು ಇಷ್ಟು."

ನನಗೆ ಹಿಡಿಸಿತು. ಮೋಟರ್ ತಿರುಗಿತು, ನಾನು ಗಾಡಿ ಓಡಿಸಿಕೊಂಡು ಬಂದು ಅಮ್ಮನ ಮುಂದೆ ಕೂತು ಎಲ್ಲ ಒಪ್ಪಿಸಿದೆ. ನನ್ನ ಕಡೆಯಿಂದಲೂ ಒಂದು ಸೇರಿಸಿದೆ. ನೋಡಮ್ಮ, ಎಷ್ಟೋ ಜನ ಮೋಟರ್ ಸುಟ್ಟೇ ಹೋಯಿತು ಎಂದು ಹೊತ್ತು ತರುತ್ತಾರೆ, ಬಿಚ್ಚಿ ನೋಡಿದರೆ ಒಳಗೆ ಏನೂ ಆಗಿರುವುದಿಲ್ಲ, ಹೊರಗಿನ ಒಂದು ಸಣ್ಣ ಕೆಪಾಸಿಟರ್ ಹೋಗಿರುತ್ತದೆ ಎಂದೆ.

"ನಾನೇನು ಮೋಟರಾ?" ಎಂದಳು ಅಮ್ಮ.

ಪಾಸ್ಟರೇ ಮನೆಗೆ ಬಂದು ಹೇಳಿದರು. ಅಮ್ಮ ಸೆರಗು ಹೊದ್ದು ಕೇಳಿಸಿಕೊಂಡಳು, ಕಾಫಿ ಕೊಟ್ಟಳು, ಗೇಟಿನವರೆಗೆ ಹೋಗಿ ಕಳಿಸಿ ಬಂದಳು. ಅಯ್ಯನೋರು ಒಳ್ಳೆಯವರು, ನನ್ನ ಮೇಲೆ ಕರುಣೆಗೆ ಹಾಗೆ ಹೇಳುತ್ತಾರೆ ಎಂದಳು. ಮುಂದಿನ ತಿಂಗಳ ಮೊದಲ ಭಾನುವಾರ ಮತ್ತೆ ಹಸಿರು ಸೀರೆ. ನನಗೆ ಸಿಟ್ಟು ಬಂತು. ಜನರ ಮುಂದೆ ತಲೆ ಎತ್ತಿ ಬಾಳುವ ಹಾಗೆ ನಾನು ದುಡಿದಿದ್ದೇನೆ, ನೀನು ಬೆಂಚಿನ ಮೇಲೆ ಕಳ್ಳಿಯ ಹಾಗೆ ಕೂರುತ್ತೀಯಲ್ಲ ಎಂದು ಕೂಗಾಡಿದೆ. ಹೆಂಡತಿ ಒಳಗೆ ಹೋಗಿ ತಾನು ಉಟ್ಟಿದ್ದ ಬಿಳಿ ಸೀರೆ ಬಿಚ್ಚಿ ನೀಲಿ ಸೀರೆ ಉಟ್ಟು ಬಂದಳು. ಅವತ್ತು ಅವಳೂ ಏಳಲಿಲ್ಲ.

ಅಮ್ಮನಿಗೆ ಅದು ತಡೆಯಲಾಗಲಿಲ್ಲ. ನನಗೋಸ್ಕರ ನೀನು ಯಾಕೆ ಊಟ ಬಿಡುತ್ತೀಯ ಎಂದು ಸೊಸೆಯನ್ನು ದಾರಿಯುದ್ದಕ್ಕೂ ಬೈದಳು. ಅತ್ತೆ ಹಸಿದು ಕೂತಿರುವಾಗ ನಾನು ಉಂಡದ್ದು ಯಾವತ್ತಾದರೂ ನೋಡಿದ್ದೀರಾ ಎಂದು ಸೊಸೆ ಕೇಳಿದಳು. ಅದು ನಿಜ, ಕಂಡಿಲ್ಲ.

ಮೂರನೆಯ ತಿಂಗಳು ನಾನೂ ಕೂತೆ. ಹೆಂಡತಿ ಹೇಳಿದ್ದಕ್ಕಲ್ಲ, ಇಬ್ಬರನ್ನೂ ಬಿಟ್ಟು ಒಬ್ಬನೇ ಹೋಗಿ ಮಂಡಿಯೂರಲು ಕಾಲು ಬರಲಿಲ್ಲ. ನಮ್ಮ ಸಾಲಿನ ಉಳಿದವರು ನಮ್ಮನ್ನು ದಾಟಿಕೊಂಡು ಹೋದರು. ನಮ್ಮ ಹಿಂದಿನ ಸಾಲುಗಳೂ ಹೋದವು. ಜನ ಮೆಲ್ಲಗೆ ಹಾಡುತ್ತಿದ್ದರು. ಅಮ್ಮ ತಲೆ ಬಗ್ಗಿಸಿ, ಪಿಸುಗುಟ್ಟಿ ಸೊಸೆಯನ್ನು ಬೈಯಲು ಶುರು ಮಾಡಿದಳು. ನನ್ನ ಮಗನನ್ನೂ ಕೂರಿಸಿದೆಯಲ್ಲ ಎಂದಳು. ಆಮೇಲೆ ಇಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಬಂತು.

"ಗೊತ್ತಿಲ್ದೆ ಮಾಡ್ದೆ ಅಂತ ಎಲ್ಲಾರೂ ಅಂತೀರ. ಹೋಗು ಅಂದೆ, ಹೋಗೇಬಿಟ್ರು. ಅವತ್ತಿಂದ ನಿನ್ನ ಬಾಯಲ್ಲಿ ಆ ಮಾತು ಒಂದಿನಾನೂ ಬಂದಿದ್ದು ಕೇಳಿಲ್ಲ ನಾನು. ನಮ್ಮನೆಯಿಂದ ದೇವರನ್ನ ಓಡಿಸಿದವಳು ನಾನು."

ಹೆಂಡತಿ ಅವಳನ್ನೇ ನೋಡಿದಳು. ಇಷ್ಟು ತಿಂಗಳು ಅಮ್ಮನ ಮನಸ್ಸು ನೋಯಬಾರದೆಂದು ಟ್ಯಾಂಕಿನ ಮರೆಗೆ ಹೋಗುತ್ತಿದ್ದವಳು ಅವಳು. ಆ ಮೌನವನ್ನೇ ಅಮ್ಮ ಸಾಕ್ಷಿ ಮಾಡಿಕೊಂಡಿದ್ದಳು.

"ಅತ್ತೆ, ನಾನು ದಿನಾ ಮಹಡಿ ಮೇಲೆ ಮಾಡ್ತೀನಿ. ಬಾಯಿ ಮುಚ್ಚಿದ್ದು ನಾನು, ಹೋದವರು ಯಾರೂ ಇಲ್ಲ. ಗದರಿಸಿದ ತಕ್ಷಣ ಎದ್ದು ಹೋಗೋಕೆ ಪವಿತ್ರಾತ್ಮ ಏನು ದೆವ್ವನಾ?"

ಅಮ್ಮ ತಲೆ ಎತ್ತಿ ಸೊಸೆಯ ಮುಖ ನೋಡಿದಳು.

"ನೀವು ಬುಕ್ ತಂದು ತಲೆ ಮೇಲೆ ಕುಕ್ಕಿದ್ರಲ್ಲ, ನನಗೆ ಸಿಟ್ಟು ಬಂತಾ? ನಗು ಬಂತು. ನನ್ನ ಮಗು ಅಂದ್ರಿ, ಅದು ಕೇಳಿ ಅಳು ಬಂತು. ನನಗೇ ಇಷ್ಟು ಮನಸ್ಸಿದೆ. ಅವರದ್ದು ನನಗಿಂತ ಸಣ್ಣ ಮನಸ್ಸಾ, ಅತ್ತೆ?"

ಮುಂದಿನ ಸಾಲಿನ ಒಬ್ಬರು ತಿರುಗಿ ನೋಡಿದರು. ಹೆಂಡತಿ ಅವರನ್ನು ತಿರುಗಿ ದಿಟ್ಟಿಸಿದಳು. ಅಮ್ಮನ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾಳೆಂದು ನಾನು ಕೈ ಹಿಡಿಯಲು ಹೋದೆ. ನಗುತ್ತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು. ದೆವ್ವನಾ ಅಂತೆ, ದೆವ್ವನಾ ಅಂತೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಕೊನೆಯ ಸಾಲು ಕಟಕಟೆಯಿಂದ ಎದ್ದಿತು. ಪಾಸ್ಟರ್ ತಟ್ಟೆಯ ಮೇಲೆ ಬಟ್ಟೆ ಮುಚ್ಚಲು ಕೈ ಹಾಕಿದವರು ನಮ್ಮ ಕಡೆ ನೋಡಿ ನಿಂತರು. ಬಾ ಎನ್ನಲಿಲ್ಲ, ಕೈಯನ್ನೂ ಬೀಸಲಿಲ್ಲ. ಬಟ್ಟೆ ಮುಚ್ಚದೆ ನಿಂತರು, ಅಷ್ಟೆ.

"ಏಳೇ," ಎಂದಳು ಅಮ್ಮ ಸೊಸೆಗೆ. "ಅಯ್ಯನೋರು ಕಾಯ್ತಿದಾರೆ."

ಬಣ್ಣದ ಸೀರೆಯಲ್ಲೇ ಹೋದಳು. ಎಲ್ಲರೂ ನೋಡುತ್ತಿದ್ದರು, ನೋಡಲಿ. ಸೊಸೆಯ ತೋಳು ಹಿಡಿದು ಮಂಡಿಯೂರಿದಳು, ನಾನು ಪಕ್ಕದಲ್ಲಿ ಊರಿದೆ. ರೊಟ್ಟಿ ಕೊಡುವಾಗ ಪಾಸ್ಟರ್ ಎಂದಿಗಿಂತ ಸ್ವಲ್ಪ ದೊಡ್ಡ ಚೂರು ಅವಳ ಅಂಗೈಯಲ್ಲಿಟ್ಟರೋ, ನನಗೇ ಹಾಗೆ ಕಂಡಿತೋ.

ಭಯ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಈಗಲೂ ಒಮ್ಮೊಮ್ಮೆ, ಒಬ್ಬಳೇ ಸೊಪ್ಪು ಬಿಡಿಸುತ್ತ ಕೂತಾಗ, ನಿಜವಾಗಿ ಕ್ಷಮಿಸಿರುತ್ತಾರಾ ಎಂದು ನನ್ನನ್ನು ಕೇಳುತ್ತಾಳೆ. ನಾನು ಪಾಸ್ಟರ್ ಹೇಳಿದ್ದನ್ನು ಹೇಳುತ್ತೇನೆ, ಅವಳು ಹೂಂ ಎನ್ನುತ್ತಾಳೆ. ಅದೇ ಪ್ರಶ್ನೆಯನ್ನು ಸೊಸೆಗೆ ಕೇಳಿದರೆ ಅವಳು ಬೈಯುತ್ತಾಳೆ. ಆ ಬೈಗುಳವೇ ಅಮ್ಮನಿಗೆ ಹೆಚ್ಚು ಸಮಾಧಾನ ಕೊಡುತ್ತದೆ. ಶುಕ್ರವಾರ ಒಂದು ದಿನ ತಾನೂ ಮಡಿವಾಳಕ್ಕೆ ಹೋಗಿ ಬಂದಳು. ಕಿವಿ ನೋವು ಬಂತು ಎಂದಳು. ಮತ್ತೆ ಹೋಗಲಿಲ್ಲ. ಆದರೆ ಹಿಂದಿನ ಕೋಣೆಯಲ್ಲಿ ಮೆಷಿನ್ ನಿಂತು ಆ ಸ್ವರ ಶುರುವಾದರೆ ಟಿವಿಯ ಸದ್ದು ಕಡಿಮೆ ಮಾಡುತ್ತಾಳೆ. ಮುಗಿದ ಮೇಲೆ ಒಂದು ಲೋಟ ನೀರು ತೆಗೆದುಕೊಂಡು ಹೋಗಿ ಕೊಡುತ್ತಾಳೆ. ಅದಕ್ಕೆ ಈಗ ಉಪ್ಪು ಹಾಕುವುದಿಲ್ಲ.

ಆ ಪಾಪ ಏನೆಂದು ನನ್ನನ್ನು ಕೇಳಿದರೆ ನಾನು ಪಂಡಿತನಲ್ಲ. ಕರೆದ ಊಟಕ್ಕೆ, ಕರೆದವನ ಗುರುತಿದ್ದೂ, ಜೀವಮಾನವಿಡೀ ಏಳದೆ ಕೂತಿರುವುದೇ ಇರಬೇಕು. ಅಮ್ಮ ಕೂತದ್ದು ಹಾಗಲ್ಲ. ಊಟ ಬೇಕಾಗಿತ್ತು, ತನಗೆ ಇಲ್ಲ ಎಂದುಕೊಂಡು ಕೂತಿದ್ದಳು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ನನ್ನಲ್ಲಿ ಇರುವುದು: ಬಾಡಿಗೆಯ ಅಂಗಡಿ ಒಂದು, ತಂತಿ ಸುತ್ತುವ ಮೆಷಿನ್ ಎರಡು, ಹಳೆಯ ಸ್ಕೂಟರ್ ಒಂದು, ಎರಡು ಕೋಣೆಯ ಸ್ವಂತ ಮನೆ, ಮೈಸೂರಿನಲ್ಲಿ ಒಬ್ಬಳು ಮಗಳು. ಮನೆಯಲ್ಲಿ ಒಬ್ಬಳು ಅಮ್ಮ, ಒಬ್ಬಳು ಹೆಂಡತಿ. ಇವತ್ತು ಬೆಳಿಗ್ಗೆ ಇಬ್ಬರೂ ಉಪ್ಪಿಗೆ ಜಗಳವಾಡಿದರು.